ಮೋರಿ ಹಿಗ್ಗಿಸಬೇಕೋ, ಹಳ್ಳ ತೆರೆಯಬೇಕೋ? ಬಡಾವಣೆಗೆ ನುಗ್ಗುವ ನೀರಿಗೆ ಪರಿಹಾರ ಆರಿಸುವ ಬಗೆ

ಜೋರು ಮಳೆ ಬಂದಾಗಲೆಲ್ಲ ಮೊಣಕಾಲುದ್ದ ನೀರು ನಿಲ್ಲುವ ಬಡಾವಣೆಯಲ್ಲಿ ಮೊದಲು ಕೇಳಿಬರುವ ಮಾತು "ಮೋರಿ ದೊಡ್ಡದು ಮಾಡಿಸಿ". ಅದರ ಹಿಂದೆಯೇ ಇನ್ನೊಂದು: "ಕಾಂಕ್ರೀಟಿನಡಿ ಹೂತಿರುವ ಹಳ್ಳವನ್ನು ಮತ್ತೆ ತೆರೆಯಿರಿ". ಎರಡೂ ಸರಿಯಿರಬಹುದು, ಎರಡೂ ದುಡ್ಡು ದಂಡವಾಗಬಹುದು. ಒಂದು ಬೀದಿಯನ್ನು ಉಳಿಸಿದ ಕಾಮಗಾರಿ ಕೆಳಗಿನ ಬೀದಿಯನ್ನು ಮುಳುಗಿಸುವುದೂ ಉಂಟು. ಹಾಗಾಗಿ ಹೋಲಿಕೆಯನ್ನು ಪರಿಹಾರಗಳಿಂದ ಶುರುಮಾಡಬೇಡಿ, ನೀರಿನಿಂದ ಶುರುಮಾಡಿ: ಅದು ಯಾವ ದಾರಿಯಲ್ಲಿ ಬಂತು, ಎಷ್ಟು ಬಂತು, ಎಷ್ಟು ಹೊತ್ತಿಗೆ ಬಂತು.

ನೀರು ಬಂದ ದಾರಿ

ಬೀದಿಯಲ್ಲಿ ನಿಂತ ನೀರೆಲ್ಲ ಒಂದೇ ಥರ ಕಾಣುತ್ತದೆ, ಕಾರಣ ಮಾತ್ರ ಬೇರೆ ಬೇರೆ. ಮಳೆ ಶುರುವಾದ ಹತ್ತು ಹದಿನೈದು ನಿಮಿಷದಲ್ಲೇ ರಸ್ತೆ ತುಂಬಿ, ಮೋರಿಯೊಳಗೆ ಇಣುಕಿದರೆ ಅದು ಅರ್ಧ ಖಾಲಿ ಇದ್ದರೆ, ತೊಂದರೆ ಮೋರಿಯದಲ್ಲ. ನೀರು ಒಳಗಿಳಿಯುವ ಜಾಲರಿಯದು. ಎಲೆ, ಪ್ಲಾಸ್ಟಿಕ್ ಕಟ್ಟಿಕೊಂಡಿರುತ್ತದೆ, ಇಲ್ಲವೇ ಮೇಲಿಂದ ಮೇಲೆ ಡಾಂಬರು ಹಾಕಿ ಅದರ ಬಾಯಿ ಮುಚ್ಚಿಹೋಗಿರುತ್ತದೆ. ತಗ್ಗಿನಲ್ಲಿರುವ ಜಾಲರಿ ಅರ್ಧದಷ್ಟು ಕಟ್ಟಿಕೊಂಡೇ ಇರುತ್ತದೆ ಎಂದು ಎಣಿಸಿ, ಲೆಕ್ಕಕ್ಕೆ ಬಂದುದಕ್ಕಿಂತ ಎರಡರಷ್ಟು ಜಾಲರಿ ಇಡಬೇಕು. ಇಷ್ಟರಲ್ಲೇ ಮುಗಿಯುವ ಸಮಸ್ಯೆಗೆ ರಸ್ತೆ ಅಗೆದು ಹೊಸ ಕೊಳವೆ ಹಾಕಿದ ಉದಾಹರಣೆಗಳು ಬೇಕಾದಷ್ಟಿವೆ.

ಮ್ಯಾನ್‌ಹೋಲಿನ ಮುಚ್ಚಳ ಕುಣಿಯುತ್ತಿದ್ದರೆ, ಅಂಚಿನಿಂದ ನೀರು ಉಕ್ಕುತ್ತಿದ್ದರೆ ಕೊಳವೆ ತುಂಬಿದೆ ಎಂದರ್ಥ. ಆ ನೀರು ನಾರುತ್ತಿದ್ದರೆ ಮಳೆನೀರು ಎಲ್ಲೋ ಒಳಚರಂಡಿಗೆ ಸೇರಿಕೊಂಡಿದೆ. ಮಳೆ ನಿಂತು ಒಂದೆರಡು ಗಂಟೆ ಕಳೆದು, ಆಕಾಶ ತಿಳಿಯಾದ ಮೇಲೆ ನೀರು ಏರಿದರೆ ಅದು ಮೇಲ್ಬದಿಯ ಜಲಾನಯನದಿಂದ ಹಳ್ಳದಲ್ಲಿ ಬಂದದ್ದು. ಕೆಳಗಿನ ನದಿಯೋ ಕೆರೆಯೋ ತುಂಬಿದಾಗ, ಇಲ್ಲವೇ ಸಮುದ್ರದ ಉಬ್ಬರದ ಹೊತ್ತಿನಲ್ಲಿ ಮಾತ್ರ ನೀರು ನಿಂತರೆ ಅದು ಹಿನ್ನೀರು. ಹಿನ್ನೀರಿಗೆ ಮೋರಿ ಹಿಗ್ಗಿಸುವುದರಿಂದ ಏನೂ ಆಗದು. ಹಿಗ್ಗಿದ ಮೋರಿಯಲ್ಲಿ ಅದು ಇನ್ನಷ್ಟು ಸಲೀಸಾಗಿ ಹಿಂದಕ್ಕೆ ಬರುತ್ತದೆ.

ಇದನ್ನು ಪತ್ತೆಮಾಡಲು ಎರಡು ಮೂರು ಮಳೆ ಸಾಕು. ಗೋಡೆಯೊಂದರ ಮೇಲೆ 10 ನಿಮಿಷಕ್ಕೊಮ್ಮೆ ನೀರಿನ ಮಟ್ಟಕ್ಕೆ ಬಣ್ಣದ ಸೀಮೆಸುಣ್ಣದಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ. ನೇರ ಬದಿಯ ಡಬ್ಬವೊಂದನ್ನು ಬಯಲಲ್ಲಿ ಇಟ್ಟು ಅದೇ ಹೊತ್ತುಗಳಲ್ಲಿ ಮಳೆ ಎಷ್ಟು ಮಿಲಿಮೀಟರ್ ಆಯಿತೆಂದು ಸ್ಕೇಲಿನಿಂದ ಅಳೆಯಿರಿ. ನೆಲ ಒಣಗಿದ ಮೇಲೆ, ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪ್ ಹಿಡಿದು ಗೆರೆ, ಮನೆಗಳ ಹೊಸ್ತಿಲು, ರಸ್ತೆಯ ತಗ್ಗು, ಹಳ್ಳದ ದಂಡೆ ಇವೆಲ್ಲದರ ಮಟ್ಟವನ್ನು ಒಂದೇ ಗುರುತಿಗೆ ಹೋಲಿಸಿ ಬರೆದಿಟ್ಟುಕೊಳ್ಳಿ. ಈ ಒಂದು ಹಾಳೆ ಕೈಯಲ್ಲಿದ್ದರೆ ಎಂಜಿನಿಯರರ ಜೊತೆ ಮಾತು ಬೇರೆಯೇ ಮಟ್ಟದಲ್ಲಿ ಶುರುವಾಗುತ್ತದೆ.

ಎಷ್ಟು ನೀರು

ಒಂದು ಚದರ ಮೀಟರಿನ ಮೇಲೆ ಬಿದ್ದ 1 ಮಿ.ಮೀ. ಮಳೆ ಎಂದರೆ 1 ಲೀಟರ್. ಒಂದು ಹೆಕ್ಟೇರಿನ ಮೇಲೆ 10 ಘನ ಮೀಟರ್. 10 ಹೆಕ್ಟೇರಿನ ಬಡಾವಣೆಯೊಂದನ್ನು ತೆಗೆದುಕೊಳ್ಳಿ. ಒಂದು ಗಂಟೆಯಲ್ಲಿ 60 ಮಿ.ಮೀ. ಮಳೆಯಾದರೆ ಬಿದ್ದ ನೀರು 6,000 ಘನ ಮೀಟರ್. ತಾರಸಿ, ಕಾಂಕ್ರೀಟು, ಡಾಂಬರೇ ಹೆಚ್ಚಿರುವ ಕಡೆ ಅದರಲ್ಲಿ 80% ಹರಿದುಬರುತ್ತದೆ: 4,800 ಘನ ಮೀಟರ್, ಸರಾಸರಿ ಸೆಕೆಂಡಿಗೆ 1.33 ಘನ ಮೀಟರ್. ಈಗ ಅಲ್ಲಿ 200 ಮೀಟರಿಗೆ 1 ಮೀಟರ್ ಇಳಿಜಾರಿನ 600 ಮಿ.ಮೀ. ಕಾಂಕ್ರೀಟ್ ಕೊಳವೆ ಇದೆ ಎನ್ನಿ. ಅದು ತುಂಬಿ ಹರಿದರೂ ಸೆಕೆಂಡಿಗೆ ಸುಮಾರು 0.43 ಘನ ಮೀಟರ್, ಗಂಟೆಗೆ 1,550. ಉಳಿದ 3,250 ಘನ ಮೀಟರ್ ಬೀದಿಯಲ್ಲಿ ನಿಲ್ಲುತ್ತದೆ. ಅದೇ ನೆಲ ಹುಲ್ಲು ಮರಗಳಿಂದ ತುಂಬಿ 30% ಮಾತ್ರ ಹರಿಯುತ್ತಿದ್ದ ಕಾಲದಲ್ಲಿ ಒಟ್ಟು ಹರಿವು 1,800. ಅದೇ ಕೊಳವೆ ಹೆಚ್ಚುಕಡಿಮೆ ಸಾಕಾಗುತ್ತಿತ್ತು.

ಈ 3,250ನ್ನು ಮುಂದಿನ ಎಲ್ಲ ಹೋಲಿಕೆಗೂ ಅಳತೆಗೋಲಾಗಿ ಇಟ್ಟುಕೊಳ್ಳೋಣ. ನಿಮ್ಮ ಬಡಾವಣೆಯ ಅಂಕಿ ಬೇರೆ ಇರುತ್ತದೆ, ಲೆಕ್ಕದ ದಾರಿ ಇದೇ. ಇನ್ನೊಂದು ಮಾತು ಇಲ್ಲೇ ಹೇಳಬೇಕು: "10 ವರ್ಷಕ್ಕೊಮ್ಮೆ ಬರುವ ಮಳೆ" ಎಂದರೆ ಒಮ್ಮೆ ಬಂದರೆ ಇನ್ನು ಹತ್ತು ವರ್ಷ ನಿಶ್ಚಿಂತೆ ಎಂದಲ್ಲ. ಪ್ರತಿ ವರ್ಷವೂ ಅದಕ್ಕೆ 10% ಸಾಧ್ಯತೆ. ಹತ್ತು ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ 65%.

ಕೊಳವೆ ಹಿಗ್ಗಿಸುವುದು

ಲೆಕ್ಕದಲ್ಲಿ ಇದು ತುಂಬ ಆಕರ್ಷಕ. ಅದೇ ಇಳಿಜಾರಿನಲ್ಲಿ 600ರ ಬದಲು 900 ಮಿ.ಮೀ. ಕೊಳವೆ ಹಾಕಿದರೆ ಹರಿವು ಸೆಕೆಂಡಿಗೆ 1.28 ಘನ ಮೀಟರಿಗೆ ಏರುತ್ತದೆ, ಅಂದರೆ ಸುಮಾರು ಮೂರು ಪಟ್ಟು. ಮೇಲ್ಗಡೆ ಜಾಗ ಬೇಡ, ಆಟದ ಬಯಲು ಹೋಗುವುದಿಲ್ಲ, ಮೂರು ತಿಂಗಳ ಧೂಳು ಸಹಿಸಿಕೊಂಡರೆ ಮುಗಿಯಿತು. ಆದರೆ ಕೆಳಗಿನವರಿಗೆ ಅದೇ ಗಂಟೆಯಲ್ಲಿ ಮೂರು ಪಟ್ಟು ನೀರು ಹೋಗುತ್ತದೆ. ಅವರ ಹಳ್ಳಕ್ಕೆ ಅದನ್ನು ಹೊರುವ ಶಕ್ತಿ ಇದೆಯೇ ಎಂದು ನೋಡದೆ ಮಾಡಿದ ಕಾಮಗಾರಿ ಪರಿಹಾರವಲ್ಲ, ನೆರೆಯನ್ನು ನೆರೆಮನೆಗೆ ದಾಟಿಸಿದಂತೆ. ಹಾಗಾಗಿ ಕೊಳವೆ ಕೆಲಸ ಯಾವತ್ತೂ ಕೆಳತುದಿಯಿಂದ ಮೇಲಕ್ಕೆ ಬರಬೇಕು.

ಹಾಳಾಗುವ ಬಗೆಯೂ ಗೊತ್ತಿರಲಿ. ದೊಡ್ಡ ಕೊಳವೆಯಲ್ಲಿ ಸಣ್ಣ ಮಳೆಯ ನೀರು ತೆಳ್ಳಗೆ, ನಿಧಾನವಾಗಿ ಹರಿಯುತ್ತದೆ. ವೇಗ ಸೆಕೆಂಡಿಗೆ 0.6 ಮೀಟರಿಗಿಂತ ಇಳಿದರೆ ಹೂಳು ಕೂರಲು ಶುರು. ವ್ಯಾಸದ ಮೂರನೇ ಒಂದು ಭಾಗ ಹೂಳು ತುಂಬಿದರೆ ಒಳಗಿನ ಜಾಗದ 29% ಹೋಯಿತು; ಹೂಳಿನ ಒರಟು ಮೈಯಿಂದಾಗಿ ಹರಿವು ಅದಕ್ಕಿಂತಲೂ ಹೆಚ್ಚು ಕುಗ್ಗುತ್ತದೆ. ಲಂಬಕೋನದಲ್ಲಿ ಬಂದು ಸೇರುವ ಕೂಡು, ಕೊಳವೆಯೊಳಗೇ ಅಡ್ಡ ಹಾದುಹೋದ ಕುಡಿಯುವ ನೀರಿನ ಪೈಪು, ಮುರಿದುಬಿದ್ದ ಮೋರಿಯ ಚಪ್ಪಡಿ, ಇಂಥ ಒಂದೇ ಅಡಚಣೆ ಇಡೀ ಸಾಲನ್ನು ಕಟ್ಟಿಹಾಕುತ್ತದೆ. ಹೊಸ ಕೊಳವೆಗೆ ಮೊದಲು ಹಳೆಯದರೊಳಗೆ ಕ್ಯಾಮೆರಾ ಬಿಟ್ಟು ನೋಡಿಸುವುದನ್ನು ಎಂದೂ ಬಿಡಬೇಡಿ.

ನೀರು ತಾನಾಗಿ ಇಳಿಯದ ತಗ್ಗು ಪ್ರದೇಶಕ್ಕೆ ಕೊಳವೆಯ ಜೊತೆ ಪಂಪು ಬೇಕಾಗುತ್ತದೆ. ಟೋಕಿಯೊ ಸುತ್ತಲಿನ ನದಿಗಳ ನೆರೆಗಾಗಿ 2006ರಲ್ಲಿ ಪೂರ್ಣಗೊಂಡ ಭೂಗತ ಕಾಲುವೆ ನೆಲದಿಂದ ಸುಮಾರು 50 ಮೀಟರ್ ಆಳದಲ್ಲಿ 6.3 ಕಿ.ಮೀ. ಸಾಗುತ್ತದೆ. ಅದು ಚೆನ್ನಾಗಿ ಕೆಲಸ ಮಾಡುತ್ತಿದೆ, ಆದರೆ ಒಳಬಂದ ಹನಿಹನಿಯನ್ನೂ ಪಂಪ್ ಮಾಡಿಯೇ ಹೊರಹಾಕಬೇಕು. ಬಡಾವಣೆಯ ಮಟ್ಟದಲ್ಲಿ ಪಂಪಿನ ಮೇಲೆ ನಿಂತ ಪರಿಹಾರ ಕರೆಂಟ್ ಹೋಗುವ ಹೊತ್ತಿನಲ್ಲೇ ಪರೀಕ್ಷೆಗೆ ಒಳಗಾಗುತ್ತದೆ. ಜನರೇಟರ್ ಇಲ್ಲದ ಪಂಪನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹಳ್ಳ ತೆರೆಯುವುದು

ಇದರ ಬಗ್ಗೆ ಎರಡು ತಪ್ಪು ನಂಬಿಕೆಗಳಿವೆ: ತೆರೆದರೆ ಸಾಕು ನೆರೆ ತಪ್ಪುತ್ತದೆ ಎಂಬುದು ಒಂದು, ಇದು ಬರೀ ಅಂದದ ಕೆಲಸ ಎಂಬುದು ಇನ್ನೊಂದು. ನಯವಾದ ಕಾಂಕ್ರೀಟಿಗೆ ಹೋಲಿಸಿದರೆ ಗಿಡ, ಕಲ್ಲು, ತಿರುವುಗಳಿರುವ ಹಳ್ಳ ನೀರಿಗೆ ಸುಮಾರು ಮೂರು ಪಟ್ಟು ಒರಟು. ಅಷ್ಟೇ ಅಗಲ, ಅಷ್ಟೇ ಆಳ, ಅಷ್ಟೇ ಇಳಿಜಾರಿದ್ದರೆ ಅದು ಮೂರನೇ ಒಂದು ಭಾಗ ನೀರನ್ನು ಮಾತ್ರ ಸಾಗಿಸುತ್ತದೆ. ಆದ್ದರಿಂದ ಕಾಂಕ್ರೀಟ್ ಒಡೆದು ಅದೇ ಇಕ್ಕಟ್ಟಿನಲ್ಲಿ ಗಿಡ ನೆಟ್ಟರೆ ನೆರೆ ಹೆಚ್ಚುತ್ತದೆ. ಹಳ್ಳಕ್ಕೆ ಬೇಕಾದದ್ದು ಅಗಲ. ಸಿಂಗಪುರದ ಬಿಷಾನ್–ಆಂಗ್ ಮೊ ಕಿಯೊ ಉದ್ಯಾನದಲ್ಲಿ ಕಲಾಂಗ್ ನದಿಯ 2.7 ಕಿ.ಮೀ. ನೇರ ಕಾಂಕ್ರೀಟ್ ಕಾಲುವೆಯನ್ನು ಒಡೆದು, 2012ರ ಹೊತ್ತಿಗೆ ತಿರುತಿರುಗಿ ಹರಿಯುವ ನದಿಯಾಗಿ ಮಾಡಿದರು. ಅಲ್ಲಿ ನೆರೆಯ ಹೊತ್ತಿನಲ್ಲಿ ನೀರು ಹರಡಿಕೊಳ್ಳುವ ಅಗಲ ಸುಮಾರು 20 ಮೀಟರಿನಿಂದ 100 ಮೀಟರಿನ ಹತ್ತಿರಕ್ಕೆ ಏರಿತು. ಕೆಲಸ ಮಾಡಿದ್ದು ಆ ಅಗಲ.

ಬಡಾವಣೆಯ ಸಣ್ಣ ಹಳ್ಳಕ್ಕೆ ಎಷ್ಟು ಜಾಗ ಬೇಕು? ಎರಡು ಹಂತದ ಅಡ್ಡಕೊಯ್ತ ಹಾಕಿ ನೋಡೋಣ. ನಡುವೆ ದಿನನಿತ್ಯದ ನೀರಿಗೆ ತಳದಲ್ಲಿ 1.5 ಮೀಟರ್ ಅಗಲ, 0.5 ಮೀಟರ್ ಆಳದ ಪಾತ್ರ. ಅದರ ಬದಿ 1 ಅಡಿ ಏರಲು 2 ಅಡಿ ಓರೆ. ಎರಡೂ ಕಡೆ 3 ಮೀಟರಿನ ಸಮತಟ್ಟು ಮೆಟ್ಟಿಲು, ನೆರೆ ಬಂದಾಗ ನೀರು ಹರಡಲು. ಅದರ ಮೇಲೆ 1 ಮೀಟರ್ ಎತ್ತರದ ದಂಡೆ, 1 ಅಡಿಗೆ 3 ಅಡಿ ಓರೆ. ಒಟ್ಟು 15.5 ಮೀಟರ್. ಹೂಳೆತ್ತುವ ಗಾಡಿ ಓಡಾಡಲು ಒಂದು ಬದಿ 3 ಮೀಟರ್ ದಾರಿ ಬಿಟ್ಟರೆ 18.5. ಇಷ್ಟು ಜಾಗವಿಲ್ಲದ ಕಡೆ ದಂಡೆಯನ್ನು ಗ್ಯಾಬಿಯನ್ (ತಂತಿಬಲೆಯಲ್ಲಿ ಕಲ್ಲು ತುಂಬಿದ) ಕಲ್ಲುಬುಟ್ಟಿಯಿಂದ ನೆಟ್ಟಗೆ ನಿಲ್ಲಿಸಬಹುದು, ಆದರೆ ಆಗ ಅದು ಅರ್ಧ ಹಳ್ಳ, ಅರ್ಧ ಮೋರಿ.

ಈ ಕೊಯ್ತದ ಒಟ್ಟು ವಿಸ್ತೀರ್ಣ 13.75 ಚದರ ಮೀಟರ್. 300 ಮೀಟರ್ ಉದ್ದಕ್ಕೆ 4,100 ಘನ ಮೀಟರ್ ನೀರು ಹಿಡಿಯುತ್ತದೆ ಎಂದು ಕಾಗದ ಹೇಳುತ್ತದೆ. ನಂಬಬೇಡಿ. 200ಕ್ಕೆ 1ರ ಇಳಿಜಾರಿನಲ್ಲಿ 300 ಮೀಟರಿಗೆ ನೆಲ 1.5 ಮೀಟರ್ ಇಳಿಯುತ್ತದೆ. ಕೆಳತುದಿಯಲ್ಲಿ ನೀರು ದಂಡೆ ಮುಟ್ಟಿ ನಿಂತಾಗ ಮೇಲ್ತುದಿಯಲ್ಲಿ ತಳ ಕಾಣುತ್ತಿರುತ್ತದೆ, ನಿಂತ ನೀರು 1,450 ಘನ ಮೀಟರ್ ಅಷ್ಟೇ. ನಮ್ಮ 3,250ರಲ್ಲಿ ಅರ್ಧಕ್ಕೂ ಕಡಿಮೆ. ಯೋಜನಾ ವರದಿಗಳಲ್ಲಿ ಈ ತಪ್ಪು ಆಗಾಗ ನುಸುಳುತ್ತದೆ, ವಿಚಾರಿಸಿ.

ಎರಡನೆಯ ಪ್ರಶ್ನೆ: ಬೇಸಿಗೆಯಲ್ಲಿ ಹಳ್ಳದಲ್ಲಿ ಏನು ಹರಿಯುತ್ತದೆ? ಮೂರು ದಿನ ಮಳೆಯಿಲ್ಲದ ಮೇಲೂ ಮುಚ್ಚಿದ ಮೋರಿಯಲ್ಲಿ ನೀರಿದ್ದರೆ ಅದು ಒರತೆಯೂ ಆಗಿರಬಹುದು, ಕೊಳಚೆಯೂ ಆಗಿರಬಹುದು. ಅಮೋನಿಯ ಮತ್ತು ಸಾಬೂನಿನ ಅಂಶ ಪರೀಕ್ಷಿಸಿದರೆ ಗೊತ್ತಾಗುತ್ತದೆ. ಅನುಮಾನವಿದ್ದ ಮನೆಯ ಶೌಚಕ್ಕೆ ಬಣ್ಣ ಹಾಕಿ ಎಲ್ಲಿ ಹೊರಬರುತ್ತದೆಂದು ಕಾಯುವುದು ಹಳೆಯ, ಖಚಿತ ವಿಧಾನ. ಕೊಳಚೆಯನ್ನು ಬೇರ್ಪಡಿಸುವ ಮುನ್ನ ಚಪ್ಪಡಿ ತೆಗೆದರೆ ಬಡಾವಣೆಗೆ ಸಿಗುವುದು ತೆರೆದ ಚರಂಡಿ. ಜ್ಯೂರಿಕ್ ನಗರ 1988ರಿಂದ ಹಳ್ಳಗಳನ್ನು ಮೇಲಕ್ಕೆ ತಂದದ್ದರ ಹಿಂದೆ ಇದೇ ತರ್ಕ ತಿರುಗುಮುರುಗಾಗಿ ಇತ್ತು: ಶುದ್ಧವಾದ ಒರತೆ ನೀರು ಒಳಚರಂಡಿ ಸೇರಿ ಶುದ್ಧೀಕರಣ ಘಟಕಕ್ಕೆ ಸುಮ್ಮನೆ ಹೊರೆಯಾಗುತ್ತಿತ್ತು, ಅದನ್ನು ಬೇರೆ ಮಾಡಿದರು. ಒರತೆಯೇ ಇಲ್ಲದ ಹಳ್ಳವನ್ನು ವರ್ಷವಿಡೀ ಹರಿಸಲು ಹೋದರೆ ಏನಾಗುತ್ತದೆ ಎಂಬುದಕ್ಕೆ ಸೋಲ್ ನಗರದ ಚಂಗ್ಯೇಚನ್ ನೋಡಬಹುದು. ಎತ್ತರದ ಹೆದ್ದಾರಿ ಕೆಡವಿ 2005ರಲ್ಲಿ ತೆರೆದ ಆ 5.8 ಕಿ.ಮೀ. ತೊರೆಗೆ ದಿನಕ್ಕೆ ಸುಮಾರು 1,20,000 ಟನ್ ನೀರನ್ನು ಪಂಪ್ ಮಾಡಲಾಗುತ್ತದೆ. ಸಣ್ಣ ಬಡಾವಣೆಗೆ ಅದು ಆಗದ ಮಾತು. ಬೇಸಿಗೆಯಲ್ಲಿ ಒಣಗಿ ಕೆಲವು ಮಡುಗಳಲ್ಲಷ್ಟೇ ನೀರುಳಿಯುವ ಹಳ್ಳವೂ ಹಳ್ಳವೇ ಎಂದು ಒಪ್ಪಿಕೊಂಡು ವಿನ್ಯಾಸ ಮಾಡುವುದು ಮೇಲು.

ಇನ್ನು ಕಟ್ಟುವ ಕೆಲಸ. ತಿರುವುಗಳನ್ನು ಕಣ್ಣಿಗೆ ಚೆಂದ ಕಂಡಂತೆ ಎಳೆಯಬಾರದು. ಸಹಜ ತೊರೆಗಳಲ್ಲಿ ಒಂದು ಪೂರ್ತಿ ಬಳುಕಿನ ಉದ್ದ ಪಾತ್ರದ ಅಗಲದ 10ರಿಂದ 14 ಪಟ್ಟು, ಮೇಲ್ಮಟ್ಟದಲ್ಲಿ ನಮ್ಮ ಪಾತ್ರಕ್ಕಿರುವ 3.5 ಮೀಟರ್ ಅಗಲಕ್ಕೆ 35ರಿಂದ 49 ಮೀಟರ್. ಕಲ್ಲು ಹಾಸಿನ ಮೇಲೆ ಸದ್ದುಮಾಡುತ್ತ ಹರಿಯುವ ತೆಳು ಭಾಗಗಳು ಅಗಲದ 5ರಿಂದ 7 ಪಟ್ಟು ದೂರಕ್ಕೊಂದು, ನಡುನಡುವೆ ಮಡು. ತಿರುವಿನ ಹೊರಬದಿಯ ಬುಡಕ್ಕೆ ದಪ್ಪ ಕಲ್ಲನ್ನು ಪಾತ್ರದ ಮಟ್ಟಕ್ಕಿಂತ ಕೆಳಗಿಂದ ಎಬ್ಬಿಸಬೇಕು. ನೆಲದ ಮೇಲೆ ಸುಮ್ಮನಿಟ್ಟ ಕಲ್ಲಿನಡಿಯ ಮಣ್ಣನ್ನು ನೀರು ಮೊದಲ ಮಳೆಗೇ ಕೊರೆದು ಹಾಕುತ್ತದೆ. ಅದರ ಮೇಲೆ ತೆಂಗಿನನಾರಿನ ಸುರುಳಿ, ನಾರಿನ ಚಾಪೆ, ಬೇರುಬಿಡುವ ಕಡ್ಡಿಗಳು. ಕಡ್ಡಿ 60ರಿಂದ 100 ಸೆಂ.ಮೀ. ಇರಲಿ, ಮೂರರಲ್ಲಿ ಎರಡು ಪಾಲು ಮಣ್ಣೊಳಗೆ ಹೋಗಲಿ, ತಲೆಕೆಳಗಾಗಿ ನೆಡಬೇಡಿ. ಕಡಿದ ದಿನವೇ ನೆಟ್ಟರೆ ಉಳಿಯುವ ಪ್ರಮಾಣ ಹೆಚ್ಚು. ನಾರು ಕರಗಿಹೋಗುವಷ್ಟರಲ್ಲಿ ಬೇರು ದಂಡೆಯನ್ನು ಹಿಡಿದಿರಬೇಕು, ಆದ್ದರಿಂದ ಮಳೆಗಾಲದ ಹೊಸ್ತಿಲಲ್ಲಿ ಮುಗಿಯುವ ಕಾಮಗಾರಿ ಬೇಡ. ಕೆಳತುದಿಯ ಹಳೆಯ ಇಕ್ಕಟ್ಟು ಸೇತುವೆ ಹಾಗೇ ಉಳಿದರೆ ಮೇಲಿನ ಅಗಲವೆಲ್ಲ ಕೆರೆಯಾಗುತ್ತದೆ; ಅದನ್ನೂ ಅಂದಾಜಿನಲ್ಲಿ ಸೇರಿಸಿ.

ತಡೆದು ನಿಲ್ಲಿಸುವ ತಗ್ಗು

ನೀರನ್ನು ಓಡಿಸುವ ಬದಲು ಕೆಲವು ಗಂಟೆ ಕೂರಿಸಿ ನಿಧಾನವಾಗಿ ಬಿಡುವುದು ಇದರ ಕೆಲಸ. 3,250 ಘನ ಮೀಟರಿಗೆ 1 ಮೀಟರ್ ಆಳವಾದರೆ 3,250 ಚದರ ಮೀಟರ್, ಸುಮಾರು 60 ಮೀಟರಿಗೆ 54 ಮೀಟರಿನ ಆಟದ ಬಯಲು. ಉಳಿದ ದಿನಗಳಲ್ಲಿ ಅದು ಬಯಲಾಗಿಯೇ ಇರುತ್ತದೆ. 2011ರ ಜುಲೈ 2ರಂದು ಎರಡು ಗಂಟೆಯಲ್ಲಿ ಸುಮಾರು 150 ಮಿ.ಮೀ. ಮಳೆ ಸುರಿದು ಮುಳುಗಿದ ಮೇಲೆ ಕೋಪನ್‌ಹೇಗನ್ 2012ರಲ್ಲಿ ಮಾಡಿದ ಯೋಜನೆ ನೆಚ್ಚಿಕೊಂಡದ್ದು ಬಹುಪಾಲು ಇದನ್ನೇ: ಉದ್ಯಾನ, ಚೌಕಗಳಲ್ಲಿ ನೀರು ನಿಲ್ಲಲಿ, ಆರಿಸಿದ ಕೆಲವು ರಸ್ತೆಗಳಲ್ಲಿ ಹರಿಯಲಿ.

ಕೆರೆ ಕಟ್ಟಿದವರ ಜಾಣ್ಮೆಯೇ ಇಲ್ಲೂ ಬೇಕು: ಏರಿ, ತೂಬು, ಕೋಡಿ. ತೂಬು 200 ಮಿ.ಮೀ. ಇದ್ದು ಮೇಲೆ 1 ಮೀಟರ್ ನೀರಿದ್ದರೆ ಸೆಕೆಂಡಿಗೆ ಸುಮಾರು 83 ಲೀಟರ್ ಹೊರಹೋಗುತ್ತದೆ. ತುಂಬಿದ ತಗ್ಗು ಖಾಲಿಯಾಗಲು ಸುಮಾರು 22 ಗಂಟೆ. ಮರುದಿನದ ಮಳೆಗೆ ಜಾಗವಾಯಿತು, ಸೊಳ್ಳೆ ಮರಿ ಹಾರುವಷ್ಟು ದಿನ ನೀರೂ ನಿಲ್ಲಲಿಲ್ಲ. ತೂಬು 150 ಮಿ.ಮೀ.ಗಿಂತ ಸಣ್ಣದಾದರೆ ಕಸ ಕಟ್ಟಿಕೊಳ್ಳುವುದು ಖಂಡಿತ. ಅದರ ಮುಂದೆ ನೇರ ಸರಳಿನ ಬದಲು ಓರೆಯಾಗಿ ನಿಂತ ಜಾಲರಿ ಇರಲಿ: ನೀರೇರಿದಂತೆ ಕಸ ಮೇಲಕ್ಕೆ ಸರಿಯುತ್ತದೆ, ಬಿದ್ದ ಮಗುವೂ ಮೇಲೇರಬಹುದು. ಬದಿಯ ಇಳಿಜಾರು 1 ಅಡಿಗೆ 4 ಅಡಿಗಿಂತ ಕಡಿದಾಗಬಾರದು, ಕೋಡಿಯ ಮೇಲೆ ಏರಿ 30 ಸೆಂ.ಮೀ. ಎತ್ತರ ಉಳಿದಿರಬೇಕು. ಏರಿ ಒಡೆಯುವುದು ಹೆಚ್ಚಾಗಿ ಅದರೊಳಗೆ ಹಾದ ಕೊಳವೆಯ ಪಕ್ಕದಲ್ಲೇ. ಆ ಜಾಗದ ಮಣ್ಣನ್ನು ಪದರ ಪದರವಾಗಿ ಕೈಯಿಂದ ದಮ್ಮಸು ಮಾಡಿಸಬೇಕು.

ಹಳ್ಳವನ್ನೇ ತಗ್ಗಿನೊಳಗೆ ಹಾಯಿಸುವುದಕ್ಕಿಂತ, ಪಕ್ಕದಲ್ಲಿ ತಗ್ಗು ಮಾಡಿ ಹಳ್ಳದ ದಂಡೆಯ ಒಂದು ಭಾಗವನ್ನು ಕೋಡಿಯಂತೆ ತಗ್ಗಿಸುವುದು ನಮ್ಮ ಮೊದಲ ಆಯ್ಕೆ. ಹಾಯಿಸಿದರೆ ಮಳೆಯ ಮೊದಲರ್ಧದ ಸಣ್ಣ ನೀರೇ ತಗ್ಗನ್ನು ತುಂಬಿ, ನಿಜವಾದ ನೆರೆ ಬರುವ ಹೊತ್ತಿಗೆ ಜಾಗ ಮುಗಿದಿರುತ್ತದೆ. ಇನ್ನೊಂದು ಅಪಾಯ ಹೊತ್ತಿನದು. ಜಲಾನಯನದ ಕೆಳಭಾಗದಲ್ಲಿರುವ ಬಡಾವಣೆಯ ನೀರು ಸಾಮಾನ್ಯವಾಗಿ ಮೇಲಿನ ನೆರೆ ಬರುವ ಮೊದಲೇ ಹರಿದುಹೋಗಿರುತ್ತದೆ. ಅದನ್ನು ಎರಡು ಗಂಟೆ ತಡೆದು ಬಿಟ್ಟರೆ ಎರಡೂ ಒಂದೇ ಹೊತ್ತಿಗೆ ಕೂಡಿ ನದಿಯ ಮಟ್ಟ ಏರಬಹುದು. ತಗ್ಗು ಹೆಚ್ಚು ಫಲಕೊಡುವುದು ಜಲಾನಯನದ ಮೇಲ್ಭಾಗ ಮತ್ತು ನಡುಭಾಗದಲ್ಲಿ.

ಬಿದ್ದಲ್ಲೇ ಹಿಡಿಯುವುದು

ಒಂದೊಂದೂ ಸಣ್ಣದು, ಕೂಡಿದರೆ ದೊಡ್ಡದು. ನಮ್ಮ ಬಡಾವಣೆಯ 8 ಹೆಕ್ಟೇರ್ ಗಟ್ಟಿನೆಲದ 5%ರಷ್ಟು ಮಳೆತೋಟ (ಮಳೆನೀರು ನಿಂತು ಇಂಗಲೆಂದು ತುಸು ತಗ್ಗಾಗಿ ಮಾಡಿದ ಗಿಡಗಳ ಪಾತಿ), ಅಂದರೆ 4,000 ಚದರ ಮೀಟರ್, 150 ಮಿ.ಮೀ. ನೀರು ನಿಲ್ಲಿಸಿದರೆ 600 ಘನ ಮೀಟರ್. 300 ಮನೆಗಳಲ್ಲಿ ತಲಾ 2,000 ಲೀಟರ್ ಖಾಲಿ ತೊಟ್ಟಿ ಇದ್ದರೆ 600. 5,000 ಚದರ ಮೀಟರ್ ವಾಹನ ನಿಲುಗಡೆಯನ್ನು ನೀರಿಳಿಯುವ ಇಟ್ಟಿಗೆ ಹಾಸಿಗೆ ಬದಲಿಸಿ, ಅಡಿಯಲ್ಲಿ 300 ಮಿ.ಮೀ. ತೊಳೆದ ಜಲ್ಲಿ ಹಾಕಿದರೆ, ಜಲ್ಲಿಯ 40% ಸಂದಿನಲ್ಲಿ ಇನ್ನೂ 600. ಒಟ್ಟು 1,800, ನಮ್ಮ ಅಳತೆಗೋಲಿನ ಅರ್ಧಕ್ಕಿಂತ ಹೆಚ್ಚು.

ಆದರೆ "ಖಾಲಿ" ಎಂಬ ಮಾತಿನ ಮೇಲೆ ಎಲ್ಲ ನಿಂತಿದೆ. ಬಳಕೆಗೆಂದು ತುಂಬಿಟ್ಟ ತೊಟ್ಟಿ ನೆರೆಯ ದಿನ ಒಂದು ಹನಿಯನ್ನೂ ಹಿಡಿಯದು. ತೊಟ್ಟಿಯ ಅರ್ಧ ಎತ್ತರದಲ್ಲಿ 10ರಿಂದ 15 ಮಿ.ಮೀ. ತೂತಿನ ಒಂದು ಹೊರದಾರಿ ಕೊಟ್ಟರೆ ಕೆಳಗಿನರ್ಧ ಬಳಕೆಗೆ, ಮೇಲಿನರ್ಧ ಮಳೆಗೆ. ಮಳೆತೋಟಕ್ಕೆ ಮೊದಲು ಮಣ್ಣನ್ನು ಪರೀಕ್ಷಿಸಿ: 30 ಸೆಂ.ಮೀ. ಅಗಲ ಆಳದ ಗುಂಡಿ ತೋಡಿ, ಒಮ್ಮೆ ನೀರು ತುಂಬಿ ಇಂಗಲು ಬಿಟ್ಟು, ಮತ್ತೆ ತುಂಬಿ ಗಂಟೆಗೆ ಎಷ್ಟು ಇಳಿಯುತ್ತದೆ ನೋಡಿ. 13 ಮಿ.ಮೀ.ಗಿಂತ ಕಡಿಮೆಯಾದರೆ ತಳದಲ್ಲಿ ತೂತುಗಳ ಪೈಪು ಬೇಕೇಬೇಕು. ಮನೆಯ ಪಾಯದಿಂದ 3 ಮೀಟರ್ ದೂರವಿರಲಿ. ಮಣ್ಣು ಜಲ್ಲಿಗಳ ನಡುವೆ ಬಟ್ಟೆ ಹಾಸುವ ರೂಢಿ ಬಿಡಿ, ಅದೇ ಮೊದಲು ಕಟ್ಟಿಕೊಳ್ಳುವುದು. ಬದಲಿಗೆ ಸಣ್ಣ ಜಲ್ಲಿಯ 10 ಸೆಂ.ಮೀ. ಪದರ ಸಾಕು. ಸುತ್ತಲಿನ ಮನೆ ಕಟ್ಟುವ ಕೆಲಸ ಮುಗಿಯುವ ಮುನ್ನ ಇವನ್ನು ಮಾಡಿದರೆ ಸಿಮೆಂಟು ದೂಳು, ಕೆಸರು ಸೇರಿ ಒಂದೇ ಮಳೆಗಾಲಕ್ಕೆ ಸತ್ತುಹೋಗುತ್ತವೆ.

ಮೇಲಿನಿಂದ ಹಳ್ಳದಲ್ಲಿ ಬರುವ ನೆರೆಗೆ, ಹಿನ್ನೀರಿಗೆ ಇದರಿಂದ ಪ್ರಯೋಜನ ತೀರ ಕಡಿಮೆ.

ಮನೆಬಾಗಿಲ ರಕ್ಷಣೆ

ಉಳಿದದ್ದೆಲ್ಲ ವರ್ಷಗಳ ಕೆಲಸ, ಇದು ಒಂದು ವಾರದ್ದು. ಬಾಗಿಲಿಗೆ ಜಾರಿಸಿ ಕೂರಿಸುವ, ರಬ್ಬರ್ ಅಂಚಿನ ಹಲಗೆ 60 ಸೆಂ.ಮೀ. ಎತ್ತರಕ್ಕೆ ಸಾಕು, ಅದಕ್ಕೂ ಮೇಲೆ ಹೊರಗಿನ ನೀರನ್ನು ತಡೆಹಿಡಿದರೆ ಒತ್ತಡಕ್ಕೆ ಗೋಡೆಯೇ ಬಿರಿಯಬಹುದು. ಒಳಚರಂಡಿ ಸಾಲಿಗೆ ನಾನ್-ರಿಟರ್ನ್ ವಾಲ್ವ್ (ನೀರನ್ನು ಹೊರಕ್ಕೆ ಮಾತ್ರ ಬಿಡುವ ವಾಲ್ವ್) ಹಾಕಿಸುವಾಗ ಒಂದು ಎಚ್ಚರ: ನಿಮ್ಮ ತಾರಸಿಯ ನೀರಿನ ಪೈಪು ವಾಲ್ವಿನ ಒಳಬದಿಗೆ ಸೇರಿದ್ದರೆ, ವಾಲ್ವ್ ಮುಚ್ಚಿದೊಡನೆ ನಿಮ್ಮ ಮಳೆನೀರೇ ನಿಮ್ಮ ಬಚ್ಚಲಿನಲ್ಲಿ ಉಕ್ಕುತ್ತದೆ. ಮೊದಲು ಅದನ್ನು ಬೇರ್ಪಡಿಸಿ, ವಾಲ್ವ್ ಮುಚ್ಚಿರುವಷ್ಟು ಹೊತ್ತು ಒಳಗೆ ನೀರು ಬಳಸಬೇಡಿ, ವರ್ಷಕ್ಕೆ ಎರಡು ಸಲ ಅದರ ಬಾಯಿ ತೊಳೆಯಿರಿ. ಕೂದಲೋ ಬಟ್ಟೆ ಚೂರೋ ಸಿಕ್ಕಿಕೊಂಡ ವಾಲ್ವ್ ಮುಚ್ಚುವುದೇ ಇಲ್ಲ.

ಯಾವುದಕ್ಕೆ ಯಾವುದು

ಜಾಲರಿ ಕಟ್ಟಿಕೊಂಡಿದ್ದರೆ ಜಾಲರಿ ಸರಿಪಡಿಸಿ, ಬೇರೇನೂ ಬೇಡ. ಬಡಾವಣೆಯ ಮಳೆಯೇ ಬಡಾವಣೆಯನ್ನು ಮುಳುಗಿಸುತ್ತಿದ್ದರೆ ಬಿದ್ದಲ್ಲೇ ಹಿಡಿಯುವುದರಿಂದ ಶುರುಮಾಡಿ, ಉಳಿದ 1,450 ಘನ ಮೀಟರಿಗೆ ತಗ್ಗು ಹುಡುಕಿ. ತಗ್ಗಿಗೆ ಜಾಗ ಸಿಗದಿದ್ದರೆ, ಕೆಳಗಿನವರ ಹಳ್ಳಕ್ಕೆ ಹೊರುವ ಶಕ್ತಿ ಇದೆ ಎಂದು ಖಾತ್ರಿಯಾದರೆ ಮಾತ್ರ ಕೊಳವೆ. ಮೇಲಿನ ನೀರು ಹಳ್ಳದಲ್ಲಿ ಬರುತ್ತಿದ್ದು 15 ಮೀಟರಿಗಿಂತ ಹೆಚ್ಚು ಅಗಲದ ಜಾಗ ಉಳಿದಿದ್ದರೆ ಹಳ್ಳ ತೆರೆಯುವುದಕ್ಕೆ ಸಾಟಿಯಾದದ್ದು ಇನ್ನೊಂದಿಲ್ಲ, ಮತ್ತು ಆ ಜಾಗ ಒಮ್ಮೆ ಕಟ್ಟಡವಾದರೆ ಮತ್ತೆ ಸಿಗುವುದಿಲ್ಲ. ಇವತ್ತು ದುಡ್ಡಿಲ್ಲದಿದ್ದರೂ ಆ ನೆಲದ ಪಟ್ಟಿಯನ್ನು ಕಾಯ್ದಿರಿಸಿಕೊಳ್ಳಿ. ಹಿನ್ನೀರಾದರೆ ಕೆಳತುದಿಗೆ ತಿರುಗುಬಾಗಿಲು (ಹೊರಹೋಗುವ ನೀರಿಗೆ ತೆರೆದು, ಹಿನ್ನೀರು ಬಂದಾಗ ಮುಚ್ಚಿಕೊಳ್ಳುವ ಬಾಗಿಲು), ಬಾಗಿಲು ಮುಚ್ಚಿದಾಗ ಒಳಗಿನ ಮಳೆ ನಿಲ್ಲಲು ತಗ್ಗು, ಎರಡೂ ಒಟ್ಟಿಗೆ ಬೇಕು.

ಯಾವುದನ್ನೇ ಆರಿಸಿ, ಲೆಕ್ಕ ಹಿಡಿದ ಮಳೆಗಿಂತ ಜೋರು ಮಳೆ ಬಂದಾಗ ನೀರು ಎತ್ತ ಹೋಗಬೇಕು ಎಂದು ನಕ್ಷೆಯಲ್ಲಿ ಗೆರೆ ಎಳೆಯಿಸಿ. ಆ ಗೆರೆ ರಸ್ತೆಯ ಮೇಲೆ ಹೋಗಲಿ, ಅಲ್ಲಿ ನೀರಿನ ಆಳ 15 ಸೆಂ.ಮೀ. ದಾಟದಿರಲಿ, 30 ಸೆಂ.ಮೀ. ಆದರೆ ಸಣ್ಣ ಕಾರು ತೇಲಲು ಶುರು. ದಾರಿಯಲ್ಲಿ ಅಡ್ಡ ಬರುವ ವೇಗತಡೆ ಉಬ್ಬು, ಕಾಂಪೌಂಡ್ ಗೋಡೆ, ಎತ್ತರಿಸಿದ ಫುಟ್‌ಪಾತ್ ಒಂದೊಂದನ್ನೂ ಲೆವೆಲ್ ಪೈಪಿನಿಂದ ಅಳೆದು, ಪಕ್ಕದ ಮನೆಗಳ ಹೊಸ್ತಿಲಿನ ಮಟ್ಟವನ್ನು ಅದರ ಎದುರು ಬರೆದ ಮೇಲೆಯೇ ನಕ್ಷೆ ಟೆಂಡರಿಗೆ ಹೋಗಲಿ.